ಕನ್ನಡಕ ಹಾಕಿದ ಸಿಂಹ

ಅಮ್ಮಾ,

ನೀನು ಚಿತ್ರ ಬರೆದಿದ್ದ ಟ್ಯಾರೋ ಕಾರ್ಡುಗಳ ಡಬ್ಬಿಯನ್ನು ಇವತ್ತು ಕೊನೆಗೂ ತೆರೆದೆ. ನೀನು ಹೋಗಿ ಎರಡು ವರ್ಷವಾದರೂ ಧೈರ್ಯ ಬಂದಿರಲಿಲ್ಲ. ಜನ ಭವಿಷ್ಯ ನೋಡೋ ಕಾರ್ಡಿನಲ್ಲಿ ನೀನು ಹಳೇ ಸೇಡು ತೀರಿಸಿಕೊಳ್ಳುತ್ತಿದ್ದೆ, ನನಗೆ ಗೊತ್ತಿಲ್ಲವೇ? ಒಂದು ಕಾರ್ಡಿನ ಸೈತಾನನಿಗೆ ನಮ್ಮ ಮನೆ ಮಾಲೀಕನ ಮೀಸೆ. ಇನ್ನೊಂದರಲ್ಲಿ ಉರಿಯುವ ಗೋಪುರದಿಂದ ತಲೆಕೆಳಗಾಗಿ ಬೀಳುತ್ತಿರುವುದು ದೊಡ್ಡಪ್ಪ. ನಗು ಬಂತು, ಆದರೆ ನನ್ನನ್ನು ಯಾವ ಕಾರ್ಡಿನಲ್ಲಿ ಇಟ್ಟಿದ್ದೀಯೋ ಅಂತ ಒಂದೊಂದೇ ತಿರುವಿದೆ. ನಮ್ಮ ಕೊನೆಯ ಜಗಳದಲ್ಲಿ ನಾನು ಅಂದಿದ್ದೆನಲ್ಲ, "ಸಾಕು, ಬಾಯಿ ಮುಚ್ಚಮ್ಮಾ" ಅಂತ.

ನಾನು ಸಿಕ್ಕಿದ್ದು 'ಶಕ್ತಿ' ಅನ್ನೋ ಕಾರ್ಡಿನಲ್ಲಿ. ಹಳದಿ ಬಯಲಿನಲ್ಲಿ ಒಬ್ಬಳು ಹುಡುಗಿ ಸಿಂಹದ ಬಾಯಿ ಮುಚ್ಚುತ್ತಿದ್ದಾಳೆ. ಅವಳ ಗಲ್ಲದ ಮೇಲೆ ನನ್ನದೇ ಮಚ್ಚೆ. ನನ್ನ ಮೇಲೂ ಸೇಡು ತೀರಿಸಿಕೊಂಡಿದ್ದೀಯ ಅಂದುಕೊಂಡೆ.

ಆಮೇಲೆ ಸಿಂಹವನ್ನು ನೋಡಿದೆ. ಮೂಗಿನ ತುದಿಗೆ ಜಾರಿದ ನಿನ್ನ ಕನ್ನಡಕ; ಮುರಿದ ಕಡ್ಡಿಗೆ ನೀನು ಸುತ್ತಿದ್ದ ಕೆಂಪು ದಾರವೂ ಇದೆ. ಸಿಟ್ಟಿನ ಸುಳಿವೇ ಇಲ್ಲ. ಕತ್ತು ಕೆರೆಸಿಕೊಳ್ಳುವ ಬೆಕ್ಕಿನ ಹಾಗೆ ಕಣ್ಣು ಮುಚ್ಚಿ ನನ್ನ ಕೈಗೆ ಒರಗಿದೆ.

ಎರಡು ವರ್ಷದ ಭಾರ ಇಳಿಯಿತು, ಅಮ್ಮಾ. ಕುರ್ಚಿಯಲ್ಲಿ ಕೂತು ಜೋರಾಗಿ ನಕ್ಕುಬಿಟ್ಟೆ.

ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ ತಾರೀಖು ಬರೆದಿದ್ದೀಯ, ಜಗಳದ ಮರುದಿನದ್ದು. ಅವತ್ತು ನೀನು ಮೂರು ಸಲ ಫೋನ್ ಮಾಡಿದ್ದೆಯಲ್ಲ, ನಾನು ಎತ್ತಲೇ ಇಲ್ಲ; ಇದನ್ನು ತೋರಿಸೋಕೇ ಇರಬೇಕು.