ಗೋಧಿ ಹೊಲದಲ್ಲಿ ಕಂಡ ಊರು

ಅಕ್ಕಾ,

ಬೈಯಬೇಡ, ಹೊತ್ತುಹೊತ್ತಿಗೆ ಉಣ್ಣುತ್ತಿದ್ದೇನೆ. ವಿಮಾನ ಓಲಾಡಿದಾಗ ಹೊಟ್ಟೆ ತೊಳಸುತ್ತದೆ, ಅಷ್ಟೇ. ನೀನು ಕಟ್ಟಿಕೊಟ್ಟ ಒಣಶುಂಠಿ ಮುಗಿಯಿತು, ಇನ್ನಷ್ಟು ಕಳಿಸು.

ಇವತ್ತು ಮೇಲಿನಿಂದ ಫೋಟೊ ತೆಗೆಯುವಾಗ ಹಸಿರು ಗೋಧಿ ಹೊಲದೊಳಗೆ ಹಳದಿ ಗೆರೆ ಎಳೆದಂತೆ ಒಂದು ಹಳೇ ಊರೇ ಕಂಡಿತು ಕಣೇ! ಕೋಣೆ, ಅಂಗಳ, ಓಣಿ, ಎಲ್ಲ. ಮಣ್ಣಿನಡಿ ಗೋಡೆ ಹೂತಿರುವ ಕಡೆ ಪೈರು ಬೇಗ ಒಣಗುತ್ತದೆ. ಕೆಳಗಿಳಿದು ನೋಡಿದರೆ ಬರೀ ಗೋಧಿ.

"ಹೊಸಬರು ನೀವು, ನಿಮಗೇ ಹೇಗೆ ಮೊದಲು ಕಣ್ಣಿಗೆ ಬಿತ್ತು?" ಎಂದರು ನಮ್ಮ ಪುರಾತತ್ವ ಇಲಾಖೆಯ ಸಾಹೇಬರು.

"ನಮ್ಮಕ್ಕ ಟೈಲರ್ ಸಾರ್. ವರ್ಷಾ ವರ್ಷಾ ನನ್ನ ಲಂಗದ ಮಡಿಕೆ ಬಿಚ್ಚಿ ಉದ್ದ ಮಾಡೋಳು. ಹಳೇ ಹೊಲಿಗೆ ಗೆರೆ ಎಷ್ಟು ಒಗೆದ್ರೂ ಹೋಗ್ತಿರ್ಲಿಲ್ಲ" ಅಂದೆ.

ಸಾಹೇಬರು ನಕ್ಕು, ನಕ್ಷೆಯಲ್ಲಿ ಆ ಊರಿಗೆ ಹೆಸರು ಬರೆದೇಬಿಟ್ಟರು: 'ಅಕ್ಕನ ಹೊಲಿಗೆ'.

ನಿನ್ನ ಬಾಲ