ಹತ್ತು ನಿಮಿಷ ದಾಟಿದ ಸುದ್ದಿ

ನೆಲ್ಯಹುದಿಕೇರಿ
೧೧ ಫೆಬ್ರವರಿ ೨೦೨೫

ಪ್ರೀತಿಯ ಚಿಕ್ಕಮ್ಮನಿಗೆ ನಿರಂಜನ್ ಮಾಡುವ ನಮಸ್ಕಾರ.

ಕಾಲಿನ ಪ್ಲಾಸ್ಟರ್ ತೆಗೆದರಂತೆ, ನಿಮ್ಮ ಮಗಳು ಸುಧಾ ಫೋನಿನಲ್ಲಿ ಹೇಳಿದಳು. ಈಗ ನೋವು ಹೇಗಿದೆ? ಕೋಲು ಹಿಡಿಯಲು ನಾಚಿಕೆ ಪಡಬೇಡಿ. ಮೈಸೂರಿನ ಬಿಸಿಲು ನಿಮಗೆ ಆಗುವುದಿಲ್ಲ ಅಂತ ಗೊತ್ತು, ಇನ್ನೊಂದು ತಿಂಗಳು ತಡೆದುಕೊಳ್ಳಿ. ನಿಮ್ಮ ಅಂಗನವಾಡಿಯನ್ನು ಕವನಾ ನೋಡಿಕೊಳ್ಳುತ್ತಿದ್ದಾಳೆ. ಮಕ್ಕಳೇ ಅವಳನ್ನು ಆಟ ಆಡಿಸುತ್ತಿವೆ.

ನನ್ನ ಆನೆ ಸುದ್ದಿಯ ಪೆಟ್ಟಿಗೆಗಳು ಹೇಗೆ ಕೆಲಸ ಮಾಡುತ್ತವೆ ಎಂದು ಕೇಳಿದ್ದಿರಿ. ಹನ್ನೊಂದು ಎಸ್ಟೇಟ್ ಗೇಟುಗಳಲ್ಲಿ ಒಂದೊಂದಿದೆ. ಆನೆ ಕಂಡ ಕಡೆ ಆಳುಗಳ ಲೆಕ್ಕ ಬರೆಯುವ ರೈಟರ್ ಪೆಟ್ಟಿಗೆಯಲ್ಲಿ ಒಂದೇ ಸಾಲು ಒತ್ತಬೇಕು: ಎಲ್ಲಿ, ಎಷ್ಟು, ಯಾವ ಕಡೆಗೆ, ಎಷ್ಟು ಹೊತ್ತಿಗೆ. ಆ ಪೆಟ್ಟಿಗೆ ಇಂಟರ್ನೆಟ್ಟಿನಲ್ಲಿ ಪಕ್ಕದ ಪೆಟ್ಟಿಗೆಗೆ ಹೇಳುತ್ತದೆ, ಅದು ಮುಂದಿನದಕ್ಕೆ. ಸುದ್ದಿ ಮುಟ್ಟಿದ ಗೇಟಿನಲ್ಲಿ ಕೆಂಪು ದೀಪ ಹತ್ತುತ್ತದೆ. ಫೋಟೋನೂ ಹೋಗಲಿ ಎಂದು ನಮ್ಮ ಎಸ್ಟೇಟಿನ ಒಡತಿ ಪೂವಮ್ಮನವರು ಬಹಳ ಹೇಳಿದರು. ಇಲ್ಲಿನ ಸಿಗ್ನಲಿಗೆ ಒಂದು ಸಾಲು ದಾಟಿದರೇ ಹೆಚ್ಚು ಅಂತ ನಾನು ಒಪ್ಪಲಿಲ್ಲ. ಯಂತ್ರಗಳು ಹೀಗೆ ತಮ್ಮತಮ್ಮಲ್ಲಿ ಮಾತಾಡುವ ಕಟ್ಟಳೆಗೆ ಪ್ರೋಟೋಕಾಲ್ ಅನ್ನುತ್ತಾರೆ. ನನ್ನದು ಬರೀ ಅರ್ಧ ಪುಟ. ಅದರ ಬಗ್ಗೆ ನನಗೆ ಜಂಬವೂ ಇತ್ತು.

ನಿಮಗೆ ಪೆಟ್ಟಾದ ಬೆಳಿಗ್ಗೆ ನಮ್ಮ ಗೇಟಿನ ದೀಪ ಹತ್ತಲಿಲ್ಲ. ಅದನ್ನು ನಂಬಿ ನೀವು ಹೊರಟಿರಿ, ತಿರುವಿನಲ್ಲಿ ಸಲಗ ನಿಂತಿತ್ತು, ಓಡಿ ಚರಂಡಿಗೆ ಬಿದ್ದಿರಿ. ಮೇಲಿನ ಗೇಟಿನ ರೈಟರ್ ಕುಟ್ಟಪ್ಪಣ್ಣ ಸುದ್ದಿಯನ್ನೇ ಕಳಿಸಿಲ್ಲ ಎಂದು ಎಲ್ಲರೂ ಅಂದರು. "ನಾನ್ ಕಳ್ಸಿದ್ದೆ, ಕಣ್ಣಿಗೆ ಬಿದ್ದ ಕೂಡ್ಲೇ ಕಳ್ಸಿದ್ದೆ" ಎಂದು ಅವರು ನಾಲ್ಕು ಸಲ ಹೇಳಿದರು. ಅಷ್ಟು ವರ್ಷದ ರೈಟರನ್ನು ಗೊಬ್ಬರ ಹೊರಲು ಹಾಕಿದರು. ಆಸ್ಪತ್ರೆಗೆ ನಿಮ್ಮನ್ನು ನೋಡಲು ಬಂದಾಗ ನೀವೂ ಮುಖ ತಿರುಗಿಸಿದಿರಿ. ನಾನು ಪಕ್ಕದಲ್ಲೇ ಇದ್ದೆ.

ಮಾತ್ರೆ ತಪ್ಪಿಸಬೇಡಿ. ಚಿಕ್ಕಪ್ಪನಿಗೆ ನಮಸ್ಕಾರ, ಸುಧಾಗೆ ಕೇಳಿದೆ ಅಂತ ಹೇಳಿ.

ಇಂತಿ ನಿಮ್ಮ
ನಿರಂಜನ್

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಕುಟ್ಟಪ್ಪಣ್ಣ ಸುದ್ದಿ ಕಳಿಸಿದ್ದು ೭.೫೨ಕ್ಕೆ. ನಡುವೆ ಸಿಗ್ನಲ್ ಹೋಗಿ ನಮ್ಮ ಗೇಟಿಗೆ ಬಂದದ್ದು ೮.೦೫ಕ್ಕೆ. ಹತ್ತು ನಿಮಿಷ ದಾಟಿದ ಸುದ್ದಿಯನ್ನು ಬಿಸಾಡು ಎಂದು ಪೆಟ್ಟಿಗೆಗೆ ನಾನೇ ನಿಯಮ ಬರೆದಿದ್ದೆ, ಅಷ್ಟರಲ್ಲಿ ಆನೆ ಬೇರೆ ಕಡೆ ಹೋಗಿರುತ್ತದೆ ಅಂತ. ಅದು ಬಿಸಾಡಿತು. ನೀವು ಗೇಟು ದಾಟಿದ್ದು ೮.೧೦ಕ್ಕೆ. ಮಾರನೇ ದಿನವೇ ಪೆಟ್ಟಿಗೆಯ ದಾಖಲೆ ನೋಡಿದ್ದೆ ಚಿಕ್ಕಮ್ಮ, ಆರು ವಾರ ಬಾಯಿ ಬಿಡಲಿಲ್ಲ. ಆ ನಿಯಮ ತೆಗೆದುಹಾಕಿದ್ದೇನೆ. ಇವತ್ತು ಪೂವಮ್ಮನವರ ಎದುರು, ಕುಟ್ಟಪ್ಪಣ್ಣನ ಎದುರು ಎಲ್ಲ ಹೇಳಿದೆ. ಕುಟ್ಟಪ್ಪಣ್ಣ "ಆಯ್ತು" ಎಂದಷ್ಟೇ ಹೇಳಿ ಗೊಬ್ಬರದ ಮೂಟೆ ಎತ್ತಿಕೊಂಡು ನಡೆದರು. ಶನಿವಾರ ಅವರನ್ನು ಮೈಸೂರಿಗೆ ಕರೆದುಕೊಂಡು ಬರುತ್ತೇನೆ. ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರೂ ಸರಿ, ಅವರನ್ನು ಒಳಗೆ ಕರೆದು ಕೂರಿಸಿ.