ಶನಿವಾರ ಸಂಜೆಯ ಬಗ್ಗೆ ನೀವು ಕೇಳದೇ ಬಿಟ್ಟ ಪ್ರಶ್ನೆ

ವಿದ್ಯುತ್ ದರಗಳನ್ನು ಹೋಲಿಸಿ ತೋರಿಸುವ ಸರಕಾರಿ ಜಾಲತಾಣದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಜಾಲತಾಣ ನನಗೆ ಹನ್ನೊಂದು ಪ್ರಶ್ನೆ ಕೇಳಿತು. ಮನೆಯ ವಿಸ್ತೀರ್ಣ ಕೇಳಿತು, ಕಿಟಕಿಯ ಗಾಜು ಎಷ್ಟು ಪದರದ್ದು ಎಂದೂ ಕೇಳಿತು. ಸೌನಾದ ಬಿಸಿಯಾವಿಯಲ್ಲಿ ಯಾವ ದಿನ, ಎಷ್ಟು ಗಂಟೆಗೆ ಕೂರುತ್ತೀರಿ ಎಂದು ಮಾತ್ರ ಕೇಳಲಿಲ್ಲ. ಫಿನ್ಲೆಂಡಿನ ಕಚೇರಿಯೊಂದಕ್ಕೆ ಇದು ಹೊಳೆಯಲಿಲ್ಲವೇ? ನನಗೂ ಹೊಳೆಯಲಿಲ್ಲ ಎಂಬುದು ಈ ದೂರಿನ ದುರ್ಬಲ ಭಾಗ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಕಳೆದ ತಿಂಗಳು ನಾನೂ ಹೆಂಡತಿ ಸಾಯಿಮಿಯೂ ಇಸಲ್ಮಿ ಎಂಬ ಊರಿನ ನಮ್ಮ ಮೊದಲ ಸ್ವಂತ ಮನೆಗೆ ಬಂದೆವು. ದಿನವಿಡೀ ಒಂದೇ ದರದ ಕರಾರು ಒಂದಿತ್ತು. ಗಂಟೆಗೊಮ್ಮೆ ದರ ಬದಲಾಗುವುದು ಇನ್ನೊಂದು. "ಒಂದೇ ದರದ್ದು ತಗೊಳ್ಳೋಣ ಕಣೋ, ನೆಮ್ಮದಿ" ಎಂದಳು ಸಾಯಿಮಿ. "ಅದು ಲೆಕ್ಕ ಬರದೋರಿಗೆ" ಎಂದೆ. ನಾನು ಪ್ರೌಢಶಾಲೆಯ ಗಣಿತದ ಮೇಷ್ಟ್ರು.

ಗಂಟೆಗೊಮ್ಮೆ ಬದಲಾಗುವುದನ್ನೇ ಆರಿಸಿದೆ. ಆಮೇಲೆ ದರ ಇಳಿದಿದೆ ಎಂದು ಫೋನು ಹೇಳಿದಾಗ ಬಟ್ಟೆ ಒಗೆದೆವು, ಫೋನು ಹೇಳಿದಾಗ ಪಾತ್ರೆ ತೊಳೆದೆವು. "ಕಾಫಿಗೂ ಅಪ್ಪಣೆ ಆಗ್ಬೇಕಾ, ಮೇಷ್ಟ್ರೇ?" ಎಂದು ಸಾಯಿಮಿ ಕೇಳುತ್ತಿದ್ದಳು. ನಾನು ಫೋನು ನೋಡಿಯೇ ಉತ್ತರಿಸುತ್ತಿದ್ದೆ.

ಹೀಗಿರುವಾಗ ಒಂದು ಶನಿವಾರ ಸಂಜೆ ಸಾಯಿಮಿಯ ಅಜ್ಜಿ ಹೆಲ್ಲಿನ್ ಎರಡು ಗಂಟೆ ಬಸ್ಸಿನಲ್ಲಿ ಕೂತು ಬಂದರು. ಹೊಸ ಮನೆಗೆಂದು ರೈ ಧಾನ್ಯದ ರೊಟ್ಟಿ, ಉಪ್ಪು, ಸೌನಾದಲ್ಲಿ ಮೈಗೆ ಬಡಿದುಕೊಳ್ಳಲು ತಾವೇ ಕಟ್ಟಿದ ಬರ್ಚ್ ಮರದ ಎಲೆಯ ಕಟ್ಟು ತಂದಿದ್ದರು. ತಮ್ಮ ಮೂವರು ಹೆಣ್ಣುಮಕ್ಕಳ ಹೊಸ ಮನೆಯಲ್ಲೂ ಸೌನಾದ ಕಾದ ಕಲ್ಲಿಗೆ ಮೊದಲ ಸೌಟು ನೀರು ಹಾಕಿದ್ದು ಅವರೇ, ನಮ್ಮಲ್ಲೂ ಹಾಕಬೇಕಿತ್ತು. ನಾನು ಫೋನು ನೋಡಿದೆ. ಐದರಿಂದ ಒಂಬತ್ತರವರೆಗೆ ದರ ವಾರದಲ್ಲೇ ಅತಿ ಹೆಚ್ಚು. ಶನಿವಾರ ಆ ಹೊತ್ತಿಗೆ ಇಡೀ ದೇಶ ಸೌನಾ ಕಾಯಿಸುತ್ತದೆ ಎಂಬ, ಹಸುಗೂಸಿಗೂ ಗೊತ್ತಿರುವ ಸಂಗತಿ ನನಗೆ ಫೋನಿನ ದರದ ನಕ್ಷೆಯಿಂದ ತಿಳಿಯಿತು.

"ಅಜ್ಜೀ, ಒಂಬತ್ತಕ್ಕೆ ದರ ಇಳಿಯುತ್ತೆ. ಕಾಯ್ತೀರಾ?"

"ಕೊನೇ ಬಸ್ಸು ಏಳೂವರೆಗೆ ಕಣಪ್ಪ. ನಿನ್ನ ಫೋನು ಅದಕ್ಕೂ ಹೇಳುತ್ತಾ, ಸ್ವಲ್ಪ ನಿಲ್ಲು ಅಂತ?"

"ಮುಂದಿನ ಸಲ..."

"ಯುದ್ಧ ಮುಗಿದ ವರ್ಷ ನಮ್ಮನೇಲಿ ರೊಟ್ಟಿ ಇರ್ಲಿಲ್ಲ. ಶನಿವಾರದ ಸೌನಾ ಇತ್ತು."

ಎಲೆಯ ಕಟ್ಟನ್ನು ಸೌನಾದ ಗೂಟಕ್ಕೆ ತೂಗುಹಾಕಿ, ಕಾಫಿ ಕುಡಿದು ಅವರು ಹೊರಟರು. ನಾನು ಉಳಿಸಿದ ಹಣಕ್ಕೆ ಒಂದು ಏಲಕ್ಕಿ ಬನ್ನೂ ಬಾರದು. ಈ ಲೆಕ್ಕವನ್ನು ತರಗತಿಯಲ್ಲಿ ಕೊಡುವುದಿಲ್ಲ.

ಮಂಗಳವಾರ ಜೋರು ಗಾಳಿ ಬೀಸಿ, ಗಾಳಿಯಂತ್ರಗಳ ವಿದ್ಯುತ್ ಹೆಚ್ಚಾಗಿ, ಮಧ್ಯಾಹ್ನ ಒಂದಕ್ಕೆ ದರ ಸೊನ್ನೆಗಿಳಿಯಿತು. ಶಾಲೆಗೆ ರಜೆ. ಸಾಯಿಮಿ ಕೆಲಸಕ್ಕೆ ಹೋಗಿದ್ದಳು. ಮೊದಲ ಸೌಟನ್ನು ನಾನೇ ಹಾಕಿದೆ. ಆವಿ ಚೆನ್ನಾಗಿಯೇ ಎದ್ದಿತು. "ಇನ್ನೊಂದು ಹಾಕು" ಎನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಎಲೆಯ ಕಟ್ಟನ್ನು ಮುಟ್ಟಲು ಧೈರ್ಯ ಬರಲಿಲ್ಲ. ಸಂಜೆ ಅಜ್ಜಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ.

"ಹಾಕ್ಬಿಟ್ಯಾ?" ಎಂದರು ಅಜ್ಜಿ. "ಸರಿ, ಎರಡನೇದು ನಂಗಿಡು. ಈ ಶನಿವಾರ ಬರ್ತೀನಿ. ನಂಗೆ ಎಂಬತ್ನಾಲ್ಕು, ಸುಮ್ಸುಮ್ನೆ ಕಾಯಿಸ್ಬೇಡ."

ಮಾನ್ಯರೇ, ‘ಬಳಕೆಯನ್ನು ಅಗ್ಗದ ಗಂಟೆಗೆ ಸರಿಸಿ’ ಎನ್ನುತ್ತದೆ ನಿಮ್ಮ ಕೈಪಿಡಿ. ಪಾತ್ರೆ ಸರಿಯುತ್ತದೆ, ಬಟ್ಟೆಯೂ ಸರಿಯುತ್ತದೆ. ಅಜ್ಜಿಯನ್ನು ಯಾವ ಗಂಟೆಗೆ ಸರಿಸಲಿ? ಆಯ್ಕೆಯ ಹೊಣೆ ಗ್ರಾಹಕನದು ಎನ್ನುತ್ತೀರಿ. ನಿಜ. ಆ ಗ್ರಾಹಕನನ್ನು ನಾನು ಬಲ್ಲೆ. ಅವನನ್ನು ಒಬ್ಬನೇ ಬಿಡುವುದು ಕ್ಷೇಮವಲ್ಲ. ಆದ್ದರಿಂದ ಹನ್ನೆರಡನೆಯ ಪ್ರಶ್ನೆ ಸೇರಿಸಿ: ಶನಿವಾರ ಸಂಜೆ ನಿಮ್ಮ ಮನೆಗೆ ಯಾರು ಬರುತ್ತಾರೆ?

ನನ್ನ ಕರಾರು ಒಂದೇ ದರಕ್ಕೆ ಬದಲಾಗಲು ಎರಡು ವಾರ ಬೇಕಂತೆ. ಶನಿವಾರಕ್ಕೆ ಮೂರೇ ದಿನ. ನಾಲ್ಕು ಗಂಟೆಗೆ ಸೌನಾದ ವಿದ್ಯುತ್ ಒಲೆ ಹಚ್ಚುತ್ತೇನೆ, ದರ ಎಷ್ಟೇ ಇರಲಿ. ಫೋನು ಅಂದು ಹೊರಬಾಗಿಲ ಬಳಿ, ಬೂಟುಗಳ ಜೊತೆ ಇರುತ್ತದೆ.

ಇಂತಿ,
ಮಂಗಳವಾರ ಮಧ್ಯಾಹ್ನ ಒಬ್ಬನೇ ಕೂತು ಬೆವರಿದ
ಆರ್ನಿ ಸವೋಲ, ಗಣಿತದ ಮೇಷ್ಟ್ರು